ಡಿಪಿಎಫ್ ಕಟ್ಟಿಕೊಂಡರೆ ಮೊದಲು ಎಂಜಿನ್ ನೋಡಿ

ಡೀಸೆಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹೊತ್ತಿ, ಪಿಕಪ್ ಬಿದ್ದುಹೋಗಿ, ಗಾಡಿ ಶಕ್ತಿ ತಗ್ಗಿಸಿಕೊಂಡು ಓಡುವ ಲಿಂಪ್ ಮೋಡ್‌ಗೆ ಇಳಿದಾಗ ಮಾಲೀಕರಿಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಮೂರು: ಫಿಲ್ಟರ್ ತೊಳೆಸಿ, ಹೊಸದು ಹಾಕಿಸಿ, ಇಲ್ಲವೇ ಕಿತ್ತೇ ಹಾಕಿಸಿ. ತಪ್ಪು ಫಿಲ್ಟರಿನದೇ ಎಂಬ ತೀರ್ಮಾನ ಈ ಮೂರರಲ್ಲೂ ಆಗಲೇ ಆಗಿಹೋಗಿರುತ್ತದೆ. ಡೀಸೆಲ್ ಗಾಡಿಯ ಸ್ಕ್ಯಾನರ್ ರೀಡಿಂಗ್ ಓದುವುದನ್ನು ಕಲಿತ ಮೇಲೆ ನನಗೆ ಮನದಟ್ಟಾದದ್ದು ಬೇರೆ. ಫಿಲ್ಟರ್ ತನ್ನಷ್ಟಕ್ಕೆ ತಾನೇ ಕೆಡುವುದು ಅಪರೂಪ. ಎಂಜಿನ್ ಅದಕ್ಕೆ ಅಳತೆ ಮೀರಿ ಮಸಿ ಕಳಿಸುತ್ತಿರುತ್ತದೆ, ಇಲ್ಲವೇ ಸೇರಿದ ಮಸಿಯನ್ನು ಸುಡಲು ಏನೋ ಅಡ್ಡಿಯಾಗಿರುತ್ತದೆ. ಯಾವುದೆಂದು ಗೊತ್ತಾಗುವ ಮೊದಲೇ ಫಿಲ್ಟರಿಗೆ ಕೈ ಹಾಕಿದರೆ ದುಡ್ಡು ಖರ್ಚಾಗುತ್ತದೆ, ದೀಪ ಮತ್ತೆ ಹೊತ್ತಿಕೊಳ್ಳುತ್ತದೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಎಂಬ ಹೊಗೆ ಮಿತಿಯ ನಿಯಮ ಜಾರಿಗೆ ಬಂತು. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಉಗುಳಬಹುದಾದ ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ಅಷ್ಟು ಸಣ್ಣ ಮಿತಿಯನ್ನು ಮುಟ್ಟಲು ಡೀಸೆಲ್ ಕಾರುಗಳಿಗೆ ಡಿಪಿಎಫ್ ಅನಿವಾರ್ಯವಾಯಿತು. ಇದರೊಳಗೆ ಜೇನುಗೂಡಿನಂಥ ಸೆರಾಮಿಕ್ ನಾಳಗಳಿವೆ. ಒಂದು ನಾಳದ ಮುಂಬಾಯಿ ಮುಚ್ಚಿದ್ದರೆ ಪಕ್ಕದ್ದರ ಹಿಂಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ಹಾದುಹೋಗಬೇಕು, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ಹೀಗೆ ಸೇರಿದ ಮಸಿಯನ್ನು ಗಾಡಿ ಕೆಲವು ನೂರು ಕಿಲೋಮೀಟರಿಗೊಮ್ಮೆ ತಾನೇ ಸುಟ್ಟುಕೊಳ್ಳುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸುತ್ತದೆ. ಕೆಲಸ ಮುಗಿಯಲು ಹತ್ತಿಪ್ಪತ್ತು ನಿಮಿಷದ ಸರಾಗ ಓಟ ಬೇಕು. ನಡುವೆ ಎಂಜಿನ್ ಆಫ್ ಆದರೆ ಮಸಿ ಉಳಿಯುತ್ತದೆ. ಹೀಗೆ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್ ಸೇರುತ್ತದೆ. ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗುರುತು ದಾಟಿದ್ದರೆ ಸಂತೋಷಪಡುವಂತಿಲ್ಲ. ಅದು ತೆಳುವಾಗಿ ಬೇರಿಂಗ್‌ಗಳಿಗೆ ಅಪಾಯ ತರುತ್ತಿದೆ ಎಂದೇ ತಿಳಿಯಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಫಾಲ್ಟ್ ಕೋಡ್ ಅಳಿಸುವ ಮೊದಲು ಬರೆದುಕೊಳ್ಳುವುದರಿಂದ. ಪಿ2463 ಎಂದರೆ ಮಸಿ ಮಿತಿಮೀರಿದೆ ಎಂದರ್ಥ, ಯಾಕೆ ಎಂದು ಅದು ಹೇಳುವುದಿಲ್ಲ. ಅದರ ಜೊತೆ ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ), ಟರ್ಬೊ, ಉಷ್ಣತೆಯ ಸೆನ್ಸರ್‌ಗಳ ಕೋಡ್ ಇದ್ದರೆ ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ ನೋಡಬೇಕು. ಗಾಳಿಯೇ ಹರಿಯದಾಗ ಅದು ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಸೆನ್ಸರಿಗೆ ಹೋಗುವ ಎರಡು ಸಣ್ಣ ರಬ್ಬರ್ ಪೈಪ್‌ಗಳು ಬಿರಿಯುವುದುಂಟು, ಮಸಿ ಕೂತು ಕಟ್ಟಿಕೊಳ್ಳುವುದೂ ಉಂಟು. ಅಷ್ಟು ಅಗ್ಗದ ಪೈಪಿಗಾಗಿ ಲಕ್ಷದ ಮಾತಿನ ಫಿಲ್ಟರ್ ಬದಲಾಯಿಸುವುದು ನನಗೆ ಅಕ್ಷಮ್ಯವಾಗಿ ಕಾಣುತ್ತದೆ. ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯಲ್ಲಿ ಎಲ್ಲ ಉಷ್ಣತಾ ಸೆನ್ಸರ್‌ಗಳೂ ಹೊರಗಿನ ಹವೆಯಷ್ಟನ್ನೇ ತೋರಿಸಬೇಕು. ಕೂಲಂಟ್ 85–90 ಡಿಗ್ರಿ ಮುಟ್ಟದೆ ಅರುವತ್ತರ ಆಸುಪಾಸಿನಲ್ಲೇ ನಿಂತರೆ ಥರ್ಮೋಸ್ಟ್ಯಾಟ್ ತೆರೆದೇ ಉಳಿದಿರಬಹುದು. ಎಂಜಿನ್ ಬೆಚ್ಚಗಾಗದಿದ್ದರೆ ಇಸಿಯು ರೀಜನರೇಷನ್ ಆರಂಭಿಸುವುದೇ ಇಲ್ಲ. ಸೆನ್ಸರ್‌ಗಳೆಲ್ಲ ಸರಿಯಿದ್ದರೆ ಗಮನವನ್ನು ಮಸಿಯ ಮೂಲದತ್ತ ತಿರುಗಿಸಬೇಕು: ಅಂಟಿಕೊಂಡ ಇಜಿಆರ್ ವಾಲ್ವ್, ಸೋರುವ ಇಂಜೆಕ್ಟರ್, ಬಿರುಕುಬಿಟ್ಟ ಟರ್ಬೊ ಹೋಸ್, ಧೂಳು ತುಂಬಿದ ಏರ್ ಫಿಲ್ಟರ್. ಇವು ರಿಪೇರಿಯಾದ ಮೇಲಷ್ಟೇ ಸ್ಕ್ಯಾನರ್‌ನಿಂದ ಬಲವಂತದ ರೀಜನರೇಷನ್ ಮಾಡಿಸುವುದು ಸರಿ. ಮಸಿ ವಿಪರೀತ ತುಂಬಿರುವಾಗ ಅದನ್ನೇ ಮೊದಲು ಮಾಡಿಸಿದರೆ ಸೆರಾಮಿಕ್ ಕಾದು ಸೀಳುವ ಅಪಾಯವಿದೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ: ‘ಗಾಡಿಯಲ್ಲಿ ಯಾವ ದೋಷವೂ ಇಲ್ಲ, ಬೆಂಗಳೂರಿನ ಟ್ರಾಫಿಕ್ಕೇ ಕಾರಣ. ತುಮಕೂರು ರಸ್ತೆಯಲ್ಲಿ ಒಮ್ಮೆ ಓಡಿಸಿಕೊಂಡು ಬಂದರೆ ಸಾಕು.’ ಇದರಲ್ಲಿ ಸತ್ಯವಿದೆ. ದಿನವೂ ನಾಲ್ಕೈದು ಕಿಲೋಮೀಟರ್ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಕಾರಿಗೆ ಫಿಲ್ಟರ್ ಕಾಯಿಸುವ ಅವಕಾಶವೇ ಇಲ್ಲ. ಅಷ್ಟೇ ಓಡಾಟವಿದ್ದವರು ಡೀಸೆಲ್ ಕೊಳ್ಳದಿರುವುದು ಒಳ್ಳೆಯದೆಂದೇ ನಾನು ಹೇಳುತ್ತೇನೆ. ಆದರೆ ಟ್ರಾಫಿಕ್ಕೇ ಕಾರಣವಾಗಿದ್ದರೆ ಹೆದ್ದಾರಿಯ ಓಟದ ನಂತರ ರೀಡಿಂಗ್ ಇಳಿಯಬೇಕು, ಇಳಿದದ್ದು ಕೆಲವು ನೂರು ಕಿಲೋಮೀಟರ್ ಉಳಿಯಬೇಕು. ಐವತ್ತು, ನೂರು ಕಿಲೋಮೀಟರಿಗೇ ಮಸಿ ಮತ್ತೆ ತುಂಬಿದರೆ ಎಂಜಿನ್ನನ್ನೇ ಸಂಶಯಿಸಬೇಕು. ಟ್ಯಾಂಕಿಗೆ ಸುರಿಯುವ ಬಾಟಲಿ ಔಷಧಕ್ಕೂ ಇದೇ ಪರೀಕ್ಷೆ: ಮಸಿ ಸುಡಲು ಅದು ಸ್ವಲ್ಪ ನೆರವಾದೀತು, ಬಿರಿದ ಹೋಸನ್ನು ಮುಚ್ಚಲಾರದು.

ಕಿತ್ತು ಹಾಕಿಸುವವರ ವಾದ ಇನ್ನೂ ಜೋರು. ತಲೆನೋವು ತಪ್ಪುತ್ತದೆ, ಮೈಲೇಜ್ ಬರುತ್ತದೆ, ಎಮಿಷನ್ ಟೆಸ್ಟೂ ಪಾಸಾಗುತ್ತದೆ ಎನ್ನುತ್ತಾರೆ. ರೀಜನರೇಷನ್ನಿಗೆ ಹೋಗುವ ಡೀಸೆಲ್ ಉಳಿಯುವುದು ನಿಜ. ಆದರೆ ಆ ಟೆಸ್ಟು ಅಳೆಯುವುದು ಹೊಗೆಯ ದಟ್ಟಣೆಯನ್ನು; ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ. ತಯಾರಕರ ವಿನ್ಯಾಸವನ್ನು ಹೀಗೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯೂ ಇದೆ. ಕಾನೂನು ಹಾಗಿರಲಿ, ಸಿಗ್ನಲ್‌ನಲ್ಲಿ ನಮ್ಮ ಸೈಲೆನ್ಸರಿನ ಹಿಂದೆಯೇ ಸ್ಕೂಟರ್ ನಿಲ್ಲಿಸಿಕೊಂಡವರು, ಅವರ ಮುಂದೆ ನಿಂತ ಮಗು ಉಸಿರಾಡುವುದು ಆ ಹೊಗೆಯನ್ನೇ. ಇಂಜೆಕ್ಟರ್ ಸೋರುತ್ತಲೇ ಇದ್ದರೆ, ಫಿಲ್ಟರ್ ಕಿತ್ತ ಮೇಲೆ ಅದನ್ನು ನಮಗೆ ತಿಳಿಸುವ ದೀಪವೂ ಇರುವುದಿಲ್ಲ.

ಫಿಲ್ಟರಿನದೇ ವಯಸ್ಸು ಕಾರಣವಾಗುವ ಸಂದರ್ಭ ಒಂದಿದೆ. ಸೌದೆ ಎಷ್ಟೇ ಚೆನ್ನಾಗಿ ಉರಿದರೂ ಒಲೆಯಲ್ಲಿ ಬೂದಿ ಉಳಿಯುವಂತೆ, ಎಂಜಿನ್ ಆಯಿಲ್‌ನ ಲೋಹದ ಅಂಶಗಳು ಉರಿಯದೆ ಫಿಲ್ಟರಿನಲ್ಲಿ ಉಳಿಯುತ್ತವೆ. ಮ್ಯಾನುಯಲ್ ಹೇಳುವ ಕಡಿಮೆ ಬೂದಿಯ ಆಯಿಲ್ ಬಿಟ್ಟು ಬೇರೆಯದನ್ನು ಹಾಕಿದರೆ ಈ ಬೂದಿ ಬೇಗ ತುಂಬುತ್ತದೆ. ರೀಜನರೇಷನ್ ಪೂರ್ತಿಯಾದರೂ ಒತ್ತಡ ಇಳಿಯದಿದ್ದರೆ, ಗಾಡಿ ಲಕ್ಷ ಕಿಲೋಮೀಟರ್ ದಾಟಿದ್ದರೆ, ಸಂಶಯ ಬೂದಿಯ ಮೇಲೆ ಹೋಗಬೇಕು. ಆಗ ಫಿಲ್ಟರ್ ಬಿಚ್ಚಿ, ಹಿಂಬದಿಯಿಂದ ಗಾಳಿ ಹಾಯಿಸಿ ಸ್ವಚ್ಛಗೊಳಿಸುವವರ ಬಳಿ ಕೊಡಬಹುದು. ವಾಟರ್ ಸರ್ವಿಸ್ ಗನ್ನಿನಿಂದ ನೀರು ಹೊಡೆಯಲು ಮಾತ್ರ ಬಿಡಬಾರದು, ಒಳಗಿನ ಗೋಡೆ ಒಡೆಯುತ್ತದೆ. ಕೊಡುವಾಗಲೂ ಒಣಗಿಸಿ ಮರಳಿ ಪಡೆಯುವಾಗಲೂ ಫಿಲ್ಟರನ್ನು ತೂಗಿಸಿ. ತೂಕ ಇಳಿಯದಿದ್ದರೆ ಬೂದಿ ಹೊರಬಂದಿಲ್ಲ. ಜೋಡಿಸಿದ ಮೇಲೆ ಬೂದಿಯ ಲೆಕ್ಕವನ್ನು ಇಸಿಯುನಲ್ಲಿ ರೀಸೆಟ್ ಮಾಡಿಸಿ, ಡೀಸೆಲ್ ಬೆರೆತ ಹಳೆಯ ಆಯಿಲ್ ಬದಲಿಸಿ, ಒತ್ತಡದ ರೀಡಿಂಗ್ ಬರೆಸಿಕೊಂಡು ಬನ್ನಿ. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಮತ್ತೆ ನೋಡಿಸಿದಾಗ ಹೋಲಿಸಲು ಆ ಅಂಕಿ ಬೇಕಾಗುತ್ತದೆ.