ಕಾಸಾ: ನ್ಯಾಯಾಲಯದಲ್ಲಿ ಮಗುವಿನ ದನಿ

ಪೂರ್ಣ ರೂಪ: ಕೋರ್ಟ್ ಅಪಾಯಿಂಟೆಡ್ ಸ್ಪೆಷಲ್ ಅಡ್ವೊಕೇಟ್ಸ್ (ಅಮೆರಿಕ)

ಆರಂಭ: 1977, ವಾಷಿಂಗ್ಟನ್ ರಾಜ್ಯದ ಸಿಯಾಟಲ್. ರೂವಾರಿ: ನ್ಯಾಯಾಧೀಶ ಡೇವಿಡ್ ಸೌಕಪ್.

ಹಿನ್ನೆಲೆ: ದೌರ್ಜನ್ಯ, ನಿರ್ಲಕ್ಷ್ಯಕ್ಕೆ ಒಳಗಾದ ಮಕ್ಕಳ ಭವಿಷ್ಯವನ್ನು ಅರೆಬರೆ ಮಾಹಿತಿಯ ಮೇಲೆ ತೀರ್ಮಾನಿಸಬೇಕಾಗುತ್ತಿದೆ ಎಂಬ ಕೊರಗು ಅವರನ್ನು ಕಾಡಿತ್ತು.

ಕಾರ್ಯವಿಧಾನ:
• ತರಬೇತಿ ಪಡೆದ ಸಾಮಾನ್ಯ ನಾಗರಿಕರನ್ನು ನ್ಯಾಯಾಧೀಶರೇ ನೇಮಿಸುತ್ತಾರೆ. ಇವರು ವಕೀಲರಾಗಿರಬೇಕಿಲ್ಲ, ಸಂಬಳವೂ ಇಲ್ಲ.
• ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಮಗು ಅಥವಾ ಒಡಹುಟ್ಟಿದವರ ಒಂದು ಪ್ರಕರಣ.
• ಮಗುವನ್ನು ಕಂಡು ಮಾತಾಡುವುದು, ಶಿಕ್ಷಕರು, ವೈದ್ಯರು, ಪಾಲಕರನ್ನು ವಿಚಾರಿಸುವುದು, ಶಾಲೆಯ ಹಾಜರಾತಿ ನೋಡುವುದು. ಬಳಿಕ ಮಗುವಿನ ಹಿತ ಯಾವುದರಲ್ಲಿದೆ ಎಂದು ನ್ಯಾಯಾಲಯಕ್ಕೆ ವರದಿ ಕೊಡುವುದು.

ಭಾರತದಲ್ಲಿ ಹೋಲಿಕೆ: ಪೋಕ್ಸೊ ನಿಯಮಗಳು, 2020ರಡಿ ಮಕ್ಕಳ ಕಲ್ಯಾಣ ಸಮಿತಿ ನೇಮಿಸುವ ‘ಬೆಂಬಲ ವ್ಯಕ್ತಿ’ ತನಿಖೆ, ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಗಿರುತ್ತಾರೆ. ಆದರೆ ಕಾಸಾ ಸ್ವಯಂಸೇವಕರು ಮುಖ್ಯವಾಗಿ ಪಾಲನೆ, ರಕ್ಷಣೆಯ ಪ್ರಕರಣಗಳಲ್ಲಿದ್ದರೆ, ಬೆಂಬಲ ವ್ಯಕ್ತಿಯ ಕೆಲಸ ಲೈಂಗಿಕ ಅಪರಾಧದ ಪ್ರಕರಣಗಳಲ್ಲಿ.

ನೆನಪಿಡಿ: ಬಾಲ ನ್ಯಾಯ ಕಾಯ್ದೆ, 2015ರ ಪ್ರಕಾರ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, 4 ಸದಸ್ಯರು, ಸದಸ್ಯರಲ್ಲಿ ಕನಿಷ್ಠ ಒಬ್ಬರು ಮಹಿಳೆ. ಮಕ್ಕಳ ಸಹಾಯವಾಣಿ: 1098.