ಚೂರು ಬಟ್ಟೆ, ಚಂದದ ಕೌದಿ

ಪೀಣ್ಯದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳು ಬಹಳ. ಬುತ್ತಿ ಹಿಡಿದು ದಿನಾ ಹೋಗುವ ನಮಗೆ ಇದು ಗೊತ್ತು. ಅಲ್ಲಿ ಬಟ್ಟೆಯನ್ನು ಪದರ ಪದರ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ತೋಳು, ಕಾಲರ್, ಜೇಬು ಎಲ್ಲಾ ಬೇರೆ ಬೇರೆ ಆಕಾರ. ಅವುಗಳ ನಡುವೆ ಉಳಿದದ್ದೇ ಚೂರು. ಅದು ಮೂಟೆ ಕಟ್ಟಿ ಗುಜರಿಗೆ ಹೋಗುತ್ತದೆ.

ನಮ್ಮಲ್ಲಿ ಧಾರವಾಡ, ಗದಗ, ಕೊಪ್ಪಳದ ಕಡೆಯ ಅಕ್ಕಂದಿರೂ ಇದ್ದಾರೆ. ಚೂರು ಕಂಡರೆ ಅವರಿಗೆ ಕೌದಿ ನೆನಪಾಗುತ್ತದೆ. "ನಮ್ಮವ್ವ ಹಳೀ ಸೀರಿ ಒಂದೂ ಬಿಡ್ತಿದ್ದಿಲ್ರೀ, ಎಲ್ಲಾ ಕೌದಿಗೇ" ಅನ್ನುತ್ತಾರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರೂ ಕೌದಿ ಹೊಲಿಯುತ್ತಾರೆ. ಅವರ ಕೌದಿಯ ಮೂಲೆಗೆ ಬಟ್ಟೆಯ ಹೂವು ಇರಲೇಬೇಕು. ಹೂವಿಲ್ಲದ ಕೌದಿ ಬೆತ್ತಲೆ ಇದ್ದ ಹಾಗಂತೆ!

ಚೂರು ಎಲ್ಲಿ ಸಿಗುತ್ತದೆ? ಕಾರ್ಖಾನೆಯಿಂದ ಕೇಳದೆ ಒಂದು ಚೂರೂ ತರಬಾರದು. ಕೆಲಸಕ್ಕೇ ಕುತ್ತು ಬಂದೀತು. ಗುಜರಿ ಅಂಗಡಿಯಲ್ಲಿ ತೂಕಕ್ಕೆ ಕೊಳ್ಳೋಣ. ತೂಕ, ಬೆಲೆ ಬರೆದ ಚೀಟಿ ಕೇಳೋಣ. ಈಗ ನಮಗೆ ಓದಲು ಬರುತ್ತದಲ್ಲ!

ಹೊಲಿಯುವ ಮೊದಲು

1. ಒಂದು ಎಳೆ ದಾರ ಕೀಳಿ. ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದದ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊದೆಯಲು ಹತ್ತಿಯೇ ಹಿತ. ಅದು ಬೆವರು ಹೀರುತ್ತದೆ.

2. ಚೂರನ್ನು ಒಗೆದು ಒಣಗಿಸಿ. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಬಣ್ಣ ಬಿಡುವ ಚೂರೂ ಆಗಲೇ ಗೊತ್ತಾಗುತ್ತದೆ.

3. ಬನಿಯನ್ ಬಟ್ಟೆ ಹಿಗ್ಗುತ್ತದೆ. ಅದನ್ನು ಬೇರೆ ಇಡಿ. ಪಟ್ಟಿ ಕತ್ತರಿಸಿ ಜಡೆ ಹೆಣೆದು, ಸುತ್ತಿ ಹೊಲಿದರೆ ಕಾಲೊರಸು ಆಗುತ್ತದೆ.

ಹೊಲಿಯುವಾಗ

ಹಳೆ ಸೀರೆಯನ್ನು ಮಡಿಸಿ ಹಾಸಿ. ಚೂರಿನ ಅಂಚನ್ನು ಒಳಕ್ಕೆ ಮಡಿಸಿ ಅದರ ಮೇಲೆ ಜೋಡಿಸಿ. ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತಾ ಎಲ್ಲಾ ಪದರ ಸೇರುವಂತೆ ಹೊಲಿಯಿರಿ. ಸಾಲುಗಳು ಹತ್ತಿರ ಇದ್ದಷ್ಟೂ ಬಾಳಿಕೆ ಹೆಚ್ಚು.

ಬೆಲೆ ಕಟ್ಟುವಾಗ

ಮಗುವಿನ ಕೌದಿ ಸಿದ್ಧವಾಯಿತು. ಒಬ್ಬರು ಬಂದು, "ಚೂರು ಬಟ್ಟೆ ತಾನೇ? 300 ಕೊಡ್ತೀನಿ" ಅಂದರು. ಏನು ಹೇಳೋಣ? ಲೆಕ್ಕ ಬರೆದು ನೋಡೋಣ.

ಚೂರು: 60 ರೂಪಾಯಿ
ದಾರ: 40 ರೂಪಾಯಿ
ನಮ್ಮ ದುಡಿಮೆ: 20 ಗಂಟೆ, ಗಂಟೆಗೆ 60 ರೂಪಾಯಿಯಂತೆ 1,200 ರೂಪಾಯಿ
ಒಟ್ಟು: 1,300 ರೂಪಾಯಿ

300ಕ್ಕೆ ಕೊಟ್ಟರೆ ಚೂರು, ದಾರದ ಖರ್ಚು ಕಳೆದು ಉಳಿಯುವುದು 200. ಅಂದರೆ ಗಂಟೆಗೆ ಬರೀ 10 ರೂಪಾಯಿ! ಚೂರು ಅಗ್ಗ ಇರಬಹುದು. ನಮ್ಮ ಕೈ ಅಗ್ಗವಲ್ಲ. ಚೌಕಾಸಿ ಮಾಡೋಣ, ಆದರೆ ಲೆಕ್ಕ ತಿಳಿದು ಮಾಡೋಣ. ಮನೆಗೇ ಹೊಲಿದರೂ ಗಂಟೆ ಬರೆದಿಡೋಣ. ನಾವೆಷ್ಟು ದುಡಿಯುತ್ತೇವೆ ಎಂದು ಮನೆಯವರಿಗೂ ತಿಳಿಯಲಿ.

ಬರೆಯಿರಿ

1. ಹತ್ತಿಯನ್ನು ಗುರುತಿಸುವುದು ಹೇಗೆ?
2. ಕಾಲೊರಸಿಗೆ ಚೂರು 20 ರೂಪಾಯಿ, ದಾರ 10 ರೂಪಾಯಿ, ದುಡಿಮೆ 3 ಗಂಟೆ. ಗಂಟೆಗೆ 60 ರೂಪಾಯಿ. ಒಟ್ಟು ಬೆಲೆ ಎಷ್ಟು?