ಹಿತ್ತಲಲ್ಲಿ ಗುಬ್ಬಿಗೊಂದು ಮರದ ಗೂಡು



ಕಾಸಿಗೆ ಎರಡರಂತೆ ಮಾರಾಟವಾಗುತ್ತಿದ್ದ ಗುಬ್ಬಿಗಳ ಬಗ್ಗೆ ಯೇಸುಸ್ವಾಮಿ ಆಡಿದ ಮಾತು ಸಂತ ಮತ್ತಾಯನ ಶುಭಸಂದೇಶದ 10ನೇ ಅಧ್ಯಾಯದಲ್ಲಿದೆ. ಪೂಜೆಯಲ್ಲಿ ಅದನ್ನು ಕೇಳುವಾಗ ನಮ್ಮ ಹಿರಿಯರಿಗೆ ಗುಬ್ಬಿ ಎಂದರೇನೆಂದು ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಜಹೀರಾಬಾದ್, ನಾರಾಯಣಖೇಡ, ತಾಂಡೂರ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ತೊಲೆ-ಜಂತಿಗಳ ಸಂದಿಯೇ ಅದರ ಮನೆಯಾಗಿತ್ತು. ಈಗ ನಾವು ಸ್ಲ್ಯಾಬ್ ಹಾಕಿ, ಗೋಡೆಗೆ ಸಿಮೆಂಟು ಬಳಿದು, ನೆಲಕ್ಕೆ ತಾಂಡೂರ ಫರಸಿ ಹಾಸಿಕೊಂಡಿದ್ದೇವೆ. ಮನೆ ಗಟ್ಟಿಯಾಯಿತು, ಹಾವು ಚೇಳಿನ ಭಯ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಬೆರಳು ತೂರುವಷ್ಟು ಸಂದಿಯೂ ಉಳಿಯದ ಮನೆಯಲ್ಲಿ ಗುಬ್ಬಿ ಮೊಟ್ಟೆ ಎಲ್ಲಿ ಇಟ್ಟೀತು?

ಗುಬ್ಬಿ ಕಣದಲ್ಲಿ ಕಾಳು ತಿನ್ನುತ್ತದೆಯಲ್ಲ, ಅದಕ್ಕೇಕೆ ಮನೆ ಎಂದು ಕೇಳುವವರಿದ್ದಾರೆ. ಕಾಳು ತಿನ್ನುವುದು ನಿಜ. ಆದರೆ ಮರಿಗಳಿಗೆ, ಮುಖ್ಯವಾಗಿ ಹುಟ್ಟಿದ ಮೊದಲ ದಿನಗಳಲ್ಲಿ, ಅದು ತಂದು ಕೊಡುವುದು ಮೆತ್ತನೆಯ ಹುಳ, ಹೇನು, ಸಣ್ಣ ಕೀಟಗಳನ್ನು. ಒಂದು ಜೋಡಿ ದಿನವಿಡೀ ಹಿತ್ತಲಿನ ಅವರೆ, ಬದನೆ, ಹೀರೆ ಬಳ್ಳಿಗಳನ್ನು ಹುಡುಕಾಡುತ್ತಲೇ ಇರುತ್ತದೆ. ಚೀನಾ ದೇಶದಲ್ಲಿ 1958ರಲ್ಲಿ ಗುಬ್ಬಿಯನ್ನು ಧಾನ್ಯದ ಕಳ್ಳನೆಂದು ಹೇಳಿ ಊರೂರೇ ತಮಟೆ ಬಡಿದು, ಕೂರಗೊಡದೆ ಹಾರಿಸಿ ಹಾರಿಸಿ ಕೊಂದರು. ಬೆಳೆಗೆ ಕೀಟಗಳ ಕಾಟ ಹೆಚ್ಚಿತು. 1960ರಲ್ಲಿ ಆ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ಅದರ ಜಾಗದಲ್ಲಿ ತಗಣೆಯ ಹೆಸರು ಸೇರಿಸಿದರು.

ಗೂಡು ಮಾಡಲು ದೊಡ್ಡ ಬಡಿಗತನ ಬೇಡ. ಮುಕ್ಕಾಲು ಇಂಚು ದಪ್ಪ, 6 ಇಂಚು ಅಗಲದ ನಾಲ್ಕು ಅಡಿ ಹಲಗೆಯೊಂದು ಸಾಕು. ಮಾವಿನ ಹಲಗೆಯಾಗಲಿ, ಹಳೆಯ ಬಾಗಿಲಿನದಾಗಲಿ, ಗೆದ್ದಲು ತಿಂದಿರಬಾರದು. ಹಿಂಬದಿಗೆ 13 ಇಂಚು, ಮುಂಬದಿಗೆ 8 ಇಂಚು, ತಳಕ್ಕೆ ನಾಲ್ಕೂವರೆ ಇಂಚು ಕತ್ತರಿಸಿಕೊಳ್ಳಿ. ಪಕ್ಕದ ಎರಡು ತುಂಡುಗಳಿಗೆ 18 ಇಂಚಿನ ಒಂದೇ ತುಂಡು ತೆಗೆದುಕೊಂಡು ನಡುವೆ ಓರೆಯಾಗಿ ಕೊಯ್ಯಬೇಕು. ಒಂದು ಅಂಚಿನಲ್ಲಿ 10, ಇನ್ನೊಂದು ಅಂಚಿನಲ್ಲಿ 8 ಇಂಚು ಬರುವಂತೆ ಗೆರೆ ಎಳೆದರೆ ಎರಡೂ ತುಂಡು ಒಂದೇ ಅಳತೆಗೆ ಬರುತ್ತವೆ, ಮರವೂ ಹಾಳಾಗುವುದಿಲ್ಲ. ಚಾವಣಿಗೆ ಬೇರೆ ಹಲಗೆ ಬೇಕು: 8 ಇಂಚು ಅಗಲ, 10 ಇಂಚು ಉದ್ದ. ಪಕ್ಕದ ತುಂಡುಗಳನ್ನು ಮುಂಬದಿ ಹಿಂಬದಿಗಳ ನಡುವೆ ಇಟ್ಟು ಮೊಳೆ ಹೊಡೆಯಿರಿ. ಹಿಂಬದಿ ಹಲಗೆ ಮೇಲೂ ಕೆಳಗೂ ಒಂದೂವರೆ ಇಂಚು ಉಳಿಯಲಿ, ಗೋಡೆಗೆ ಬಿಗಿಯಲು ಅದು ಬೇಕಾಗುತ್ತದೆ. ಚಾವಣಿಗೆ ಮೊಳೆ ಹೊಡೆಯದೆ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಹಿಂಬದಿಗೆ ಜೋಡಿಸಿ, ಮುಂದೆ ಕೊಕ್ಕೆ ಹಾಕಿರಿ. ಮಳೆ ನೀರೂ ಇಳಿಯದು, ತೊಳೆಯುವಾಗ ತೆರೆಯಲೂ ಬರುತ್ತದೆ.

ಇನ್ನು ತೂತಿನ ಮಾತು. ನಾವು ಮೊದಲ ಸಲ ಮಾಡಿದ ಪೆಟ್ಟಿಗೆ ಕೆಟ್ಟದ್ದು ಇಲ್ಲಿಯೇ. ಪಾಪ, ಹಕ್ಕಿಗೆ ಇಕ್ಕಟ್ಟಾದೀತೆಂದು ಎರಡು ಇಂಚಿಗೂ ಮೀರಿ ಕೊರೆದೆವು. ಗುಬ್ಬಿ ಕಡ್ಡಿ ತಂದು ಹಾಕಿತು, ಗೊರವಂಕ ಬಂದು ಅದನ್ನು ಓಡಿಸಿ ತಾನು ಕುಳಿತಿತು. ಗುಬ್ಬಿಗೆ ಒಂದೂಕಾಲು ಇಂಚು ಸಾಕು, ಅಂದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಮುಂಬದಿಯ ಮೇಲಂಚಿನಿಂದ 2 ಇಂಚು ಕೆಳಗೆ ಅದರ ನಡು ಬರಲಿ. ಅಂಗಡಿಯ ಗೂಡುಗಳಲ್ಲಿ ತೂತಿನ ಮುಂದೆ ಚೆಂದಕ್ಕೆಂದು ಕಡ್ಡಿ ಚುಚ್ಚಿರುತ್ತಾರೆ. ಅದು ಗುಬ್ಬಿಗೆ ಬೇಡ, ಕಾಗೆಗೆ ಮಾತ್ರ ಅನುಕೂಲ. ಮುಂಬದಿ ಹಲಗೆಯ ಒಳಮೈಯನ್ನು ಉಳಿಯಿಂದ ಗೀಚಿ ಒರಟು ಮಾಡಿ, ಮರಿ ಹತ್ತಿ ಬರಬೇಕಲ್ಲ. ತಳದಲ್ಲಿ ನಾಲ್ಕು ಸಣ್ಣ ತೂತು ನೀರು ಇಳಿಯಲು, ಪಕ್ಕಗಳಲ್ಲಿ ಚಾವಣಿಯ ಕೆಳಗೆ ಎರಡೆರಡು ಗಾಳಿಗೆ. ಒಳಗೆ ಬಣ್ಣ, ವಾರ್ನಿಷ್ ಬೇಡವೇ ಬೇಡ.

ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಡಬ್ಬಿಯಲ್ಲಿ ಗೂಡು ಮಾಡಿದರೆ ಮರಿ ಒಳಗೇ ಬೆಂದುಹೋಗುತ್ತದೆ. ಪಡುವಣ ಬಿಸಿಲೂ ಮುಂಗಾರಿನ ಇರಿಚಲೂ ತಾಗದಂತೆ ಮೂಡಣ ಅಥವಾ ಬಡಗಣ ಗೋಡೆಗೆ, ಸೂರಿನ ಕೆಳಗೆ, 8ರಿಂದ 10 ಅಡಿ ಎತ್ತರಕ್ಕೆ ಬಿಗಿಯಿರಿ. ಬೆಕ್ಕು ಹತ್ತುವ ಮೆಟ್ಟಿಲು, ಕೊಂಬೆ ಹತ್ತಿರ ಇರಬಾರದು. ಗುಬ್ಬಿಗೆ ನೆರೆಹೊರೆ ಬೇಕು, ಸಾಧ್ಯವಾದರೆ ಎರಡು ಮೂರು ಗೂಡು ಹಾಕಿ.

ಆರೋಗ್ಯದ ವಿಷಯದಲ್ಲಿ ಎಚ್ಚರ ಬೇಕು. ಕುಡಿಯುವ ನೀರಿನ ತೊಟ್ಟಿ, ಕಾಳು ಒಣಗಿಸುವ ಜಾಗ, ದನದ ಗ್ವಾದಲಿ, ಮಗುವಿನ ತೊಟ್ಟಿಲು ಇವುಗಳ ಮೇಲೆ ಗೂಡು ಕಟ್ಟಬಾರದು. ಮೊಟ್ಟೆಗೆ ಕಾವು ಸುಮಾರು ಎರಡು ವಾರ, ಮರಿ ಹಾರಲು ಇನ್ನೆರಡು ವಾರ. ಅಷ್ಟು ದಿನ ಮಕ್ಕಳು ಇಣುಕದಂತೆ ನೋಡಿಕೊಳ್ಳಿ. ಮರಿ ಹಾರಿದ ಮೇಲೆ ಹಳೆಯ ಹುಲ್ಲು ತೆಗೆಯುವಾಗ ಮೂಗಿಗೆ ಬಟ್ಟೆ ಕಟ್ಟಿ, ಮೊದಲು ನೀರು ಚಿಮುಕಿಸಿ. ಒಣ ಹಿಕ್ಕೆಯ ಧೂಳು ಎದೆಗೆ ಕೆಟ್ಟದ್ದು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಒಂದೇ ಕಡೆ ಹಲವು ಹಕ್ಕಿ ಸತ್ತು ಬಿದ್ದರೆ ದನದ ದವಾಖಾನೆಗೆ ತಿಳಿಸಿ.

ಗೂಡು ಮಾಡಿಟ್ಟು ಹಿತ್ತಲಿಗೆಲ್ಲ ಎಣ್ಣೆ ಹೊಡೆದರೆ ಮಾತ್ರ ಮಾಡಿದ್ದೆಲ್ಲ ವ್ಯರ್ಥ. ಹುಳ ಇಲ್ಲದಿದ್ದರೆ ಮರಿಗೆ ಊಟವಿಲ್ಲ, ವಿಷ ತಾಗಿದ ಹುಳ ತಿಂದರೆ ಮರಿಯೇ ಇಲ್ಲ. ಔಷಧ ಸವರಿದ ಬಿತ್ತನೆ ಬೀಜ ಅಂಗಳದಲ್ಲಿ ಚೆಲ್ಲಿದರೆ ಗುಡಿಸಿ ಮಣ್ಣಲ್ಲಿ ಹೂಳಿಬಿಡಿ.

ಹೊಲದ ತೊಗರಿಯನ್ನು ಗುಬ್ಬಿ ಕಾಯುತ್ತದೆಂದು ನಾವು ಹೇಳುವುದಿಲ್ಲ. ತಾಂಡೂರ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಕಾಯಿಕೊರಕ ಹುಳು ಮಾತ್ರ ಅದಕ್ಕೆ ಮರ್ಯಾದೆ ಕೊಡುವುದಿಲ್ಲ. ಅಲ್ಲಿ ಬೇಕಾದದ್ದು ಕಾಜಾಣ. ಅದು ಪೆಟ್ಟಿಗೆಯಲ್ಲಿ ಗೂಡು ಕಟ್ಟುವ ಹಕ್ಕಿಯಲ್ಲ, ಕೂತು ನೋಡಲು ಒಂದು ಎತ್ತರ ಕೊಟ್ಟರೆ ಸಾಕು. ಎಕರೆಗೆ 20ರಂತೆ, ಬೆಳೆಗಿಂತ ಒಂದು ಅಡಿ ಎತ್ತರಕ್ಕೆ, ಅಡ್ಡಕೋಲು ಕಟ್ಟಿದ ಗೂಟಗಳನ್ನು ಹೂವಿನ ಕಾಲಕ್ಕೆ ನೆಡಿ. ಪಕ್ಕದಲ್ಲಿ ಜೋಳವಿದ್ದರೆ ಅದು ಹಾಲುಗಾಳು ಕಟ್ಟುವ ಹೊತ್ತಿಗೆ ಆ ಬದಿಯ ಗೂಟ ಕಿತ್ತುಬಿಡಿ, ಇಲ್ಲವಾದರೆ ಕಾಳು ತಿನ್ನುವ ಹಕ್ಕಿಗಳೂ ಅಲ್ಲೇ ಕೂರುತ್ತವೆ.

ಗೂಡನ್ನು ಚಳಿಗಾಲ ಮುಗಿಯುವ ಮೊದಲೇ ಕಟ್ಟಿದರೆ ಒಳ್ಳೆಯದು, ತಪಸ್ಸುಕಾಲದ ಹೊತ್ತಿಗೆ ಜೋಡಿಗಳು ಜಾಗ ಹುಡುಕುತ್ತಿರುತ್ತವೆ. ಮೊದಲ ವರ್ಷ ಬಾರದಿದ್ದರೆ ತೆಗೆಯಬೇಡಿ, ಹೊಸ ಮರದ ವಾಸನೆ ಹೋಗಲಿ. ಎರಡನೆಯ ವರ್ಷವೂ ಬಾರದಿದ್ದರೆ ಗೋಡೆ ಬದಲಿಸಿ ನೋಡಿ.